ತೂಗಿ ಬಡಿಸಿದ ಪ್ರಸಾದ

ನಮ್ಮದು ಲಿಂಗಕ್ಕೆ ಅರ್ಪಿಸದೆ ಏನನ್ನೂ ಬಾಯಿಗಿಡದ ಮನೆತನ. ಪೂಜೆ ಮುಗಿದ ಮೇಲೆ ಮನೆಯವರೆಲ್ಲರ ಅಂಗೈಗೂ ಪ್ರಸಾದ ಬೀಳಬೇಕು. ಅದನ್ನು ಬೇಡವೆನ್ನಬಾರದು, ಹೆಚ್ಚು ಕಡಿಮೆ ಎಂದು ಅಳೆಯಬಾರದು. ಈ ನೇಮವನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತೆ. ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿ ಬಹುಕಾಲ ಪಾಠ ಹೇಳಿ, ಹೆಂಡತಿ ತೀರಿಕೊಂಡ ಮೇಲೆ ಚಾಮರಾಜನಗರದಲ್ಲಿ ಮಗನ ಮನೆ ಸೇರಿದಾಗಲೂ ಆ ನೇಮ ನನ್ನ ಜೊತೆಗೇ ಬಂತು. ಅದನ್ನು ಹಿಡಿದೇ ನಾನೊಂದು ತಪ್ಪು ಮಾಡಿದೆ. ಅದನ್ನು ನನ್ನ ಸೊಸೆ ಹೇಗೆ ತಿದ್ದಿದಳೆಂಬುದನ್ನು ಬರೆದಿಡದಿದ್ದರೆ ನಾನು ಕೃತಘ್ನನಾಗುತ್ತೇನೆ.

ನನ್ನ ಮೊಮ್ಮಗಳಿಗೆ ಈಗ ಆರು ವರ್ಷ. ಅವಳಿಗಿರುವುದು ಏಂಜಲ್‌ಮನ್ ಸಿಂಡ್ರೋಮ್ ಎಂಬ, ಹುಟ್ಟಿನಿಂದಲೇ ಬಂದ ಸ್ಥಿತಿ. ಮಾತು ಬಂದಿಲ್ಲ, ಬರುವುದೂ ಕಷ್ಟವೆಂದು ವೈದ್ಯರು ಹೇಳಿದ್ದಾರೆ. ಕಾಲುಗಳನ್ನು ಅಗಲಿಸಿ, ಬಿಗಿಯಾಗಿ, ತೋಳುಗಳನ್ನು ರೆಕ್ಕೆಯಂತೆ ಎತ್ತಿ ಹಿಡಿದು ನಡೆಯುತ್ತಾಳೆ. ನೀರು ಕಂಡರೆ ಪ್ರಾಣ. ನಗು ಮಾತ್ರ ಧಾರಾಳ. ನಲ್ಲಿ ತಿರುಗಿಸಿದರೂ ನಗು, ನಾನು ವಿಭೂತಿ ಧರಿಸುವುದನ್ನು ಕಂಡರೂ ನಗು. ನಿದ್ದೆ ಕಡಿಮೆ. ಇವೆಲ್ಲವನ್ನೂ ಮನೆ ಸಹಿಸಿಕೊಂಡಿತ್ತು. ಸಹಿಸಲಾಗದೆ ಹೋದದ್ದು ಫಿಟ್ಸ್. ಎರಡು ಬಗೆಯ ಔಷಧಿ ಕೊಟ್ಟರೂ ಅದು ನಿಲ್ಲಲಿಲ್ಲ. ಮೂರನೆಯದನ್ನು ಸೇರಿಸಿದಾಗ ಮಗು ದಿನವೆಲ್ಲ ಮಂಕಾಗಿ ಗೋಡೆಗೊರಗಿ ಕೂತಿತು, ನಗುವೇ ಹೊರಟುಹೋಯಿತು. ಆಗ ಮೈಸೂರಿನ ವೈದ್ಯರು ಮೂರನೆಯದನ್ನು ತೆಗೆದು ಪಥ್ಯವೊಂದನ್ನು ಸೂಚಿಸಿದರು: ಅನ್ನ, ರಾಗಿ, ಸಕ್ಕರೆ, ಬೆಲ್ಲ, ಹಣ್ಣು ಯಾವುದೂ ಇಲ್ಲ, ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ಪನೀರು, ಅಳತೆಯ ತರಕಾರಿ ಮಾತ್ರ. ಮೈಯಲ್ಲಿ ಸಕ್ಕರೆಯ ಬದಲು ಕೊಬ್ಬು ಉರಿದರೆ ಕೆಲವು ಮಕ್ಕಳಿಗೆ ಫಿಟ್ಸ್ ಇಳಿಯುತ್ತದೆಯಂತೆ.

ಮುದ್ದೆ ಉಣ್ಣುವ ಸೀಮೆಯಲ್ಲಿ, ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಇದನ್ನು ನಡೆಸುವುದು ಹೇಗೆಂದು ನಾನು ದಿಗಿಲುಗೊಂಡಿದ್ದೆ. ಸೊಸೆ ದಿಗಿಲುಗೊಳ್ಳಲಿಲ್ಲ. ಗ್ರಾಂ ತೋರಿಸುವ ಪುಟ್ಟ ತಕ್ಕಡಿಯನ್ನು ತರಿಸಿದಳು. ಬೀನ್ಸಿನ ಐದು ತುಂಡಿಗೂ ತೂಕ, ಬೆಣ್ಣೆಯ ಒಂದು ಬೆರಳಿಗೂ ತೂಕ. ಕೊಬ್ಬರಿಯನ್ನು ನುಣ್ಣಗೆ ಪುಡಿಮಾಡಿ, ಇಸಬ್‌ಗೋಲ್ ಹೊಟ್ಟು ಬೆರೆಸಿ, ಬಿಸಿನೀರಿನಲ್ಲಿ ಕಲಸಿ ಉಂಡೆ ಕಟ್ಟಿದಳು; ಪಂಕ್ತಿಯಲ್ಲಿ ನಮ್ಮೆಲ್ಲರ ತಟ್ಟೆಯಲ್ಲಿ ಮುದ್ದೆಯಿದ್ದರೆ ಮಗುವಿನ ತಟ್ಟೆಯಲ್ಲೂ ಒಂದು ಮುದ್ದೆ ಇರಲಿ ಎಂದು. ಔಷಧಿಯ ಸಿರಪ್ಪಿನಲ್ಲಿ ಸಕ್ಕರೆಯಿದೆಯೆಂದು ಅದನ್ನೂ ಕೇಳಿ ಮಾತ್ರೆಗೆ ಬದಲಾಯಿಸಿಕೊಂಡಳು. ಮಗುವಿನ ಮೂತ್ರದಲ್ಲಿ ದಿನವೂ ಬಣ್ಣ ಬದಲಿಸುವ ಪರೀಕ್ಷೆಯ ಪಟ್ಟಿಯೊಂದನ್ನು ಅದ್ದಿ ನೋಡಬೇಕಿತ್ತು; ಅದು ಗಾಢ ನೇರಳೆಯಾದರೆ ಪಥ್ಯ ಹಿಡಿದಿದೆಯೆಂದು ಅರ್ಥ. ನಾನು ಛಂದಸ್ಸಿನಲ್ಲಿ ಮಾತ್ರೆಗಳನ್ನು ಎಣಿಸಿ ಬದುಕಿದವನು. ಅಷ್ಟು ಎಚ್ಚರದ ಎಣಿಕೆಯನ್ನು ಅಡುಗೆಮನೆಯಲ್ಲಿ ಕಂಡದ್ದು ಅದೇ ಮೊದಲು.

ಸೊಸೆಯ ತಾಯಿ, ನಮ್ಮ ಬೀಗಿತ್ತಿ, ಬೇಗೂರಿನವರು. ಬಂದವರು ಮಗಳ ಕೆಲಸ ನೋಡಿ, "ಎಣ್ಣೇಲಿ ಅದ್ದಿ ಅದ್ದಿ ನನ್ ಮೊಮ್ಮಗ್ಳ ಬೋಂಡ ಮಾಡ್ಬುಟ್ಟೆಯಲ್ಲವ್ವ. ಒಂದ್ ತುತ್ತು ಅನ್ನ ಉಣ್ಣುಸ್ದ್ರೆ ಏನಾದದು?" ಎಂದರು. ಪಥ್ಯವೆಂದರೆ ವ್ರತದಂತೆ, ನಡುವೆ ಮುರಿದರೆ ಮಾಡಿದ್ದೆಲ್ಲ ವ್ಯರ್ಥವೆಂದು ಅವರಿಗೆ ದೀರ್ಘವಾಗಿ ತಿಳಿಹೇಳಿದವನು ನಾನೇ. ಅವರು ಒಪ್ಪಿ, ಮುಂದಿನ ಸಲ ತಮ್ಮ ಮನೆಯ ಎಮ್ಮೆಯ ಬೆಣ್ಣೆಯನ್ನೇ ತಂದುಕೊಟ್ಟರು.

ಎರಡು ತಿಂಗಳಲ್ಲಿ ಫಿಟ್ಸ್ ಬಹಳ ಇಳಿಯಿತು. ಮಗು ಒರಗದೆ ಕೂತು, ನಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿತು. ಆ ಶ್ರಾವಣದಲ್ಲಿ, ಮೊದಲ ಬಾರಿಗೆ, ನಾನು ಪೂಜೆ ಮುಗಿಸುವ ಹೊತ್ತಿಗೆ ತಾನಾಗಿಯೇ ನಡೆದು ಬಂದು ಪೂಜೆ ಕೋಣೆಯ ಬಾಗಿಲು ಹಿಡಿದು ನಿಂತು ಬಾಯಿ ತೆರೆಯಿತು. ಶಿವನೇ ನಡೆಸಿಕೊಂಡು ಬಂದನೆಂದು ನನಗೆ ಕಣ್ಣು ತುಂಬಿತು. ನೈವೇದ್ಯದ ಬಟ್ಟಲಿನಿಂದ ಕಲ್ಲುಸಕ್ಕರೆಯ ಎರಡು ಹರಳು ಅದರ ಬಾಯಿಗಿಟ್ಟೆ. ಮರುದಿನವೂ ಬಂತು. ಆಮೇಲೆ ದಿನವೂ ಬಂತು. ಕದ್ದು ಕೊಡುತ್ತಿದ್ದೇನೆಂಬ ಭಾವ ನನಗೆ ಒಮ್ಮೆಯೂ ಬರಲಿಲ್ಲ. ಸಕ್ಕರೆ ಆಹಾರ, ಅದು ನಿಷಿದ್ಧ. ಆದರೆ ಇದು ಪ್ರಸಾದ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಹುದೆಂದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಕೆಲವು ದಿನಗಳಲ್ಲಿ ಪಟ್ಟಿಯ ನೇರಳೆ ಮಾಸಿತು. ಫಿಟ್ಸ್ ಮರಳಿತು. ಸೊಸೆ ಪೇಟೆಯ ಪನೀರನ್ನು ಅನುಮಾನಿಸಿ ಮನೆಯಲ್ಲೇ ಹಾಲೊಡೆದು ಮಾಡಿದಳು. ಹಲ್ಲುಜ್ಜುವ ಪೇಸ್ಟ್ ಬದಲಾಯಿಸಿದಳು. ಬದನಗುಪ್ಪೆಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವ ಗಂಡನನ್ನು, ಜೇಬಿನಲ್ಲಿ ಬಿಸ್ಕತ್ತೇನಾದರೂ ಇತ್ತೇ ಎಂದು ಕೇಳಿದಳು. ಕೊನೆಗೆ ತಕ್ಕಡಿಯೇ ಕೆಟ್ಟಿರಬೇಕೆಂದು ಅದನ್ನು ಅಂಗಡಿಬೀದಿಯ ಅಕ್ಕಸಾಲಿಗರ ಬಳಿಗೆ ಒಯ್ದು, ಅವರ ತೂಕದ ಬಟ್ಟುಗಳನ್ನಿಟ್ಟು ಪರೀಕ್ಷಿಸಿ ತಂದಳು. ತಕ್ಕಡಿ ಸರಿಯಾಗಿಯೇ ಇತ್ತು.

ಮೈಸೂರಿಗೆ ಹೋಗುವ ದಿನ ನಾನೂ ಜೊತೆಗೆ ಹೋದೆ. ಮಗು ನನ್ನ ತೊಡೆಯ ಮೇಲೆ ಕೂತು ವೈದ್ಯರ ಲೇಖನಿಗೆ ಕೈಚಾಚಿ ನಗುತ್ತಿತ್ತು. ವೈದ್ಯರು ಎಲ್ಲವನ್ನೂ ನೋಡಿ, ಹೊರಗಿನ ಸಿಹಿಯೇನಾದರೂ ಬಾಯಿಗೆ ಬೀಳುತ್ತಿದೆಯೇ ಎಂದು ಕೇಳಿದರು. "ಇಲ್ಲ ಸರ್. ನಮ್ ಮನೇಲಿ ಯಾರೂ ಹಂಗೆ ಕೊಡೋರಲ್ಲ," ಎಂದಳು ಸೊಸೆ. ಹಾಗಿದ್ದರೆ ಈ ಪಥ್ಯ ಮಗುವಿಗೆ ಒಗ್ಗುತ್ತಿಲ್ಲ, ನಿಲ್ಲಿಸಿ ಮತ್ತೆ ಮೂರನೆಯ ಔಷಧಿಯನ್ನೇ ಆರಂಭಿಸೋಣ ಎಂದು ಅವರು ಚೀಟಿ ಎಳೆದುಕೊಂಡರು.

ಸಿಹಿ ಎಂಬ ಒಂದು ಮಾತು ಆ ಕ್ಷಣದಲ್ಲಿ ನನ್ನ ಕಲ್ಲುಸಕ್ಕರೆಯ ಬಟ್ಟಲಿಗೆ ಹೋಗಿ ನಿಂತಿತು. ಹೇಳಲು ಮಗುವಿಗೆ ಮಾತಿಲ್ಲ. ನನ್ನ ಹೊರತು ಇದನ್ನು ಬಲ್ಲವನು ಶಿವನೊಬ್ಬನೇ. ಬೀಗಿತ್ತಿಗೆ ಮಾಡಿದ ಉಪದೇಶ ನೆನಪಾಗಿ ನಾಚಿಕೆಯಾಯಿತು. ಆದರೂ ಗೋಡೆಗೊರಗಿದ ಆ ಮಂಕು ಮುಖ ನೆನಪಾದ ಮೇಲೆ ಸುಮ್ಮನಿರಲಾಗಲಿಲ್ಲ. ನಡೆದದ್ದನ್ನು ಹೇಳಿದೆ.

ಸೊಸೆ ನನ್ನ ಕಡೆ ತಿರುಗಿ, "ದಿನಕ್ಕೆ ಎಷ್ಟು ಹರಳು ಮಾವ?" ಎಂದಳು. ಎರಡು ಎಂದೆ. ಯಾವಾಗಿನಿಂದ ಎಂದು ಕೇಳಿದಳು, ಶ್ರಾವಣದಿಂದ ಎಂದೆ. ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಅಷ್ಟು ಹರಳು ಸಾಕು, ಪಥ್ಯ ಮುರಿಯುತ್ತದೆ ಎಂದರು ವೈದ್ಯರು. ಚೀಟಿ ಬರೆಯದೆ, ಇನ್ನೊಂದು ತಿಂಗಳು ಪಥ್ಯ ಮುಂದುವರಿಸಿ ನೋಡೋಣ ಎಂದರು.

ಹಿಂತಿರುಗುವಾಗ ಬಸ್ಸು ನಂಜನಗೂಡು ದಾಟಿತ್ತು. ಮಗು ಸೊಸೆಯ ಹೆಗಲ ಮೇಲೆ ಮಲಗಿತ್ತು. ಅವಳು ಮೆಲ್ಲಗೆ ಹೇಳಿದಳು: "ತಕ್ಕಡೀನ ಅನುಮಾನಿಸ್ದೆ ಮಾವ. ನಿಮ್ ಮಗನ್ನ ಅನುಮಾನಿಸ್ದೆ. ನಿಮ್ಮನ್ನ ಮಾತ್ರ ಅನುಮಾನಿಸ್ಲಿಲ್ಲ."

ಮಗು ಪೂಜೆ ಕೋಣೆಗೆ ಬಾರದಂತೆ ಮರುದಿನ ಕದ ಹಾಕಿಕೊಳ್ಳಬೇಕೆಂದು ನಾನು ನಿಶ್ಚಯಿಸಿದ್ದೆ. ಮುಂಜಾನೆ ಸೊಸೆಯೇ ಒಳಗೆ ಬಂದಳು. ಕೈಯಲ್ಲಿ ಮಗುವಿನ ತಿಂಡಿಯ ತಟ್ಟೆ: ತೂಗಿದ ಬೆಣ್ಣೆ, ತೂಗಿದ ಪನೀರು, ಕೊಬ್ಬರಿಯ ಪುಟ್ಟ ಮುದ್ದೆ. ಅದನ್ನು ಪೂಜೆಯ ಮಣೆಯ ಮುಂದಿಟ್ಟು, "ಅವಳು ಬರೋದು ತಪ್ಪಿಸ್ಬೇಡಿ ಮಾವ. ತಾನಾಗೇ ನಡೆದು ಬರೋದು ಕಲ್ತಿರೋದೇ ಇಲ್ಲಿಗೆ. ಇದನ್ನೇ ಅರ್ಪಿಸಿ. ಇನ್ಮೇಲೆ ಅವಳ ಊಟವೆಲ್ಲ ಪ್ರಸಾದವೇ, ಇದರ ಮೇಲೆ ಒಂದು ಚೂರೂ ಬೇಡ," ಎಂದಳು.

ಶಾಸ್ತ್ರಗ್ರಂಥಗಳನ್ನು ಓದಿದ ನನಗೆ ತೋಚದೆ ಹೋದ ದಾರಿಯದು. ಅರ್ಪಿಸಿದ್ದು ಪ್ರಸಾದವಾಗುವುದಾದರೆ ಅರ್ಪಿಸುವ ಮೊದಲು ತೂಗಿದರೆ ದೋಷವೇನು? ನೇಮವೂ ಉಳಿಯಿತು, ಮಗುವಿನ ಪಥ್ಯವೂ ಉಳಿಯಿತು, ಅಜ್ಜನ ಮಾನವನ್ನೂ ಅವಳು ಉಳಿಸಿಕೊಟ್ಟಳು. ತಿಂಗಳು ತುಂಬುವ ಮೊದಲೇ ಪಟ್ಟಿ ಮತ್ತೆ ನೇರಳೆಗೆ ತಿರುಗಿತು. ಫಿಟ್ಸ್ ಪೂರ್ತಿ ಹೋಗಿಲ್ಲ. ಬಂದರೂ ಅಪರೂಪಕ್ಕೆ ಬರುತ್ತದೆ. ಮೂರನೆಯ ಔಷಧಿಯ ಮಾತನ್ನು ವೈದ್ಯರು ಎತ್ತಿಲ್ಲ.

ಮಗು ಏಳೂವರೆಗೆ ತಿನ್ನಬೇಕು, ತಡವಾಗಬಾರದು. ನನ್ನ ಪೂಜೆ ಮೊದಲು ಎಂಟಾದರೂ ಮುಗಿಯುತ್ತಿರಲಿಲ್ಲ. ಈಗ ಐದಕ್ಕೇ ಎದ್ದು ಸ್ನಾನ ಮುಗಿಸುತ್ತೇನೆ. ಏಳೂಕಾಲಕ್ಕೆ ಅಡುಗೆಮನೆಯಿಂದ "ಮಾವ, ತಟ್ಟೆ ತರ್ಲಾ?" ಎಂಬ ದನಿ ಬರುತ್ತದೆ, ಅಷ್ಟರೊಳಗೆ ಪೂಜೆ ನೈವೇದ್ಯಕ್ಕೆ ಬಂದಿರಬೇಕು, ಬಂದಿರುತ್ತದೆ.