ಮೂರು ಎಸೆತವೂ ಫೌಲ್ ಆದ ಮೇಲೆ

ನಾನು ಒಂದು ಕಾಲದಲ್ಲಿ ಡಿಸ್ಕಸ್ ಎಸೆಯುತ್ತಿದ್ದೆ ಎಂದರೆ ಈಗ ನಮ್ಮ ಬ್ಯಾಂಕಿನಲ್ಲಿ ಯಾರೂ ನಂಬುವುದಿಲ್ಲ. ಹೈಸ್ಕೂಲಿನಲ್ಲಿ ಶಿವಮೊಗ್ಗ ತಾಲ್ಲೂಕಿಗೆ ನಾನೇ ಫಸ್ಟ್. ನಾನು ಗೆದ್ದ ಕಪ್‌ಗಳನ್ನು ಅಪ್ಪ ತಮ್ಮ ಅಂಗಡಿಯಲ್ಲಿ ಗಿರಾಕಿಗಳಿಗೆ ಕಾಣುವ ಹಾಗೆ ಸಾಲಾಗಿ ಇಟ್ಟಿದ್ದರು. ಜಿಲ್ಲಾ ಕೂಟಕ್ಕೆ ಭದ್ರಾವತಿಯಿಂದ ಒಬ್ಬಳು ಬಂದ ಮೇಲೆ ಆ ಸಾಲು ಅಲ್ಲಿಗೇ ನಿಂತಿತು.

ಉದ್ದನೆಯ ಹುಡುಗಿ, ಅಗಲವಾದ ಭುಜ. ನಾವೆಲ್ಲ ಸರ್ಕಲ್‌ನೊಳಗೆ ಗಿರ್ರನೆ ಒಂದೂವರೆ ಸುತ್ತು ತಿರುಗಿ ಎಸೆಯುತ್ತಿದ್ದರೆ ಇವಳು ನಿಂತಲ್ಲೇ ನಿಂತು ಕೈ ಬೀಸಿದಳು. ಡಿಸ್ಕಸ್ ನನ್ನ ಗುರುತಿನ ಬಾವುಟ ದಾಟಿ ಆಚೆ ಬಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಬಹುಮಾನ ಕೊಡುವ ಮೊದಲೇ ಅವಳೇ ನನ್ನ ಹತ್ತಿರ ಬಂದಳು.

"ನೀನು ತಿರುಗಿ ಎಸೆದ್ಯಲ್ಲ, ಅದು ಹೇಗೆ? ನನಗೂ ಸ್ವಲ್ಪ ತೋರ್ಸೇ."

"ನಿಮ್ಮ ಸ್ಕೂಲಲ್ಲಿ ಹೇಳ್ಕೊಟ್ಟಿಲ್ವಾ?"

"ನಮ್ಮ ಮೇಷ್ಟ್ರಿಗೆ ಖೋಖೋ ಮಾತ್ರ ಬರೋದು."

ಗೆದ್ದವಳು ಸೋತವಳ ಹತ್ತಿರ ಕಲಿಯಲು ಬಂದಾಗ ಎಷ್ಟು ಹೊತ್ತು ಅಂತ ಮುಖ ಊದಿಸಿಕೊಂಡಿರುವುದು? ಪೆವಿಲಿಯನ್ ಹಿಂದೆ ಬರಿಗೈಯಲ್ಲಿ ತಿರುಗಿ ತೋರಿಸಿದೆ. ಮುಂದಿನ ವರ್ಷ ಅವಳು ನನಗಿಂತ ಚೆನ್ನಾಗಿ ತಿರುಗುತ್ತಿದ್ದಳು.

ಅವಳ ಮನೆ ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ. ಅಪ್ಪ ಕಾರ್ಖಾನೆಯಿಂದ ರಿಟೈರ್ ಆದವರು, ಅಮ್ಮ ಟೈಲರ್. ಮನೆಯಲ್ಲಿ ತಮಿಳು, ಬಾಗಿಲು ದಾಟಿದರೆ ಕನ್ನಡ. ಕಾಲೇಜಿನ ವರ್ಷಗಳಲ್ಲಿ ಭಾನುವಾರ ಬಂತೆಂದರೆ ನಾನು ಬಸ್ಸು ಹತ್ತಿ ಅಲ್ಲಿಗೆ ಹೋಗಿಬಿಡುತ್ತಿದ್ದೆ. ಕಾರ್ಖಾನೆಯ ಕ್ವಾರ್ಟರ್ಸ್ ಹಿಂದಿನ ಮೈದಾನದಲ್ಲಿ ಅವಳ ಅಪ್ಪನೇ ನಿಂತು ನಮಗೊಂದು ಸಿಮೆಂಟಿನ ಸರ್ಕಲ್ ಮಾಡಿಸಿಕೊಟ್ಟಿದ್ದರು. ಎಸೆದ ಡಿಸ್ಕಸ್ ತರಲು ನಾನು ಓಡುತ್ತಿದ್ದೆ. ಅವಳು ನಿಧಾನವಾಗಿ ನಡೆದುಹೋಗಿ, ಅದು ಬಿದ್ದ ಜಾಗವನ್ನು ನೋಡಿ, ಮತ್ತೆ ನಡೆದು ಬರುತ್ತಿದ್ದಳು. ಹಿಂದಿನ ಎಸೆತದಲ್ಲಿ ಏನು ತಪ್ಪಾಯಿತು ಎಂದು ತಲೆಯಲ್ಲೇ ಬಿಡಿಸಿ ಜೋಡಿಸುತ್ತಿದ್ದಳು. ಅವಳು ಎಲ್ಲಿಯವರೆಗೆ ಹೋಗಬಲ್ಲಳು ಎನ್ನುವುದು ನನಗೆ ಆ ನಡಿಗೆಯಲ್ಲೇ ಗೊತ್ತಾಗಿತ್ತು.

ನಾನು ಬ್ಯಾಂಕ್ ಸೇರಿದೆ, ಮದುವೆಯಾದೆ. ಅವಳು ರಾಜ್ಯ ಗೆದ್ದಳು, ಉತ್ತರದ ಕಡೆ ನಡೆಯುವ ರಾಷ್ಟ್ರೀಯ ಕ್ಯಾಂಪಿಗೆ ಹೋದಳು, ಕೊನೆಗೆ ಇಂಡಿಯಾ ಟೀಮಿಗೇ ಆಯ್ಕೆಯಾದಳು. ಭದ್ರಾವತಿ ಬಸ್‌ಸ್ಟ್ಯಾಂಡ್ ಎದುರು ಅವಳ ಫೋಟೋ ಇದ್ದ ದೊಡ್ಡ ಫ್ಲೆಕ್ಸ್ ಎದ್ದಿತು.

ಆ ಟೀಮಿನ ಜೊತೆ ಹೋದ ಮೊದಲ ವಿದೇಶದ ಕೂಟದಲ್ಲಿ ಮೂರು ಎಸೆತವೂ ಫೌಲ್. ಒಂದು ಸರ್ಕಲ್ ಸುತ್ತಲಿನ ಬಲೆಗೆ ಬಡಿಯಿತು, ಒಂದು ಪಕ್ಕದ ಗೆರೆಯ ಆಚೆ ಬಿತ್ತು, ಮೂರನೆಯದರಲ್ಲಿ ಕಾಲೇ ಸರ್ಕಲ್‌ನಿಂದ ಹೊರಗೆ. ಹೆಸರಿನ ಮುಂದೆ ಒಂದು ಅಳತೆಯೂ ದಾಖಲಾಗದೆ ವಾಪಸ್ ಬಂದಳು.

ಭದ್ರಾವತಿ ಸ್ಟೇಷನ್ನಿಗೆ ನಾನು ಮತ್ತು ಅವಳಮ್ಮ ಹೋಗಿದ್ದೆವು. ಆಟೋದಲ್ಲಿ ಬರುವಾಗ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಇನ್ನೂ ಹಾಗೇ ಇತ್ತು. ಅವಳಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಯಾರಿಗಾದ್ರೂ ಹೇಳಿ ತೆಗೆಸಿಬಿಡೋಣ" ಎಂದರು.

"ಇರ್ಲಿ ಬಿಡಮ್ಮ, ಫೋಟೋ ಚೆನ್ನಾಗಿ ಬಂದಿದೆ" ಎಂದಳು. ನಕ್ಕಳು ಕೂಡ. ಮನೆಗೆ ಬಂದು ಬ್ಯಾಗ್ ಇಟ್ಟ ಮೇಲೆ ಹೊಲಿಗೆ ಮಿಷನ್ನಿನ ಪಕ್ಕ ಕೂತು, ಮೊಣಕಾಲಿಗೆ ಮುಖ ಕೊಟ್ಟು ಅತ್ತಳು. ಅಳು ನಿಂತ ಮೇಲೆ ಅವಳೇ ಹೇಳಿದಳು: "ಕಾಲು ಇನ್ನೂ ತಿರುಗ್ತಾ ಇರೋವಾಗ್ಲೇ ಕೈ ಎಸೆದುಬಿಡ್ತು ಕಣೆ. ಕೈಗೆ ಅವಸರ. ಕಾಲನ್ನ ಮೊದಲಿಂದ ಕಲೀಬೇಕು."

ಆ ಮಳೆಗಾಲ ಪೂರ್ತಿ ಅವಳು ಡಿಸ್ಕಸ್ ಮುಟ್ಟಲಿಲ್ಲ. ಓಲ್ಡ್ ಟೌನ್‌ನ ಒಂದು ಕಲ್ಯಾಣಮಂಟಪದಲ್ಲಿ, ಮದುವೆಗಳಿಲ್ಲದ ದಿನ, ಬರಿಗೈಯಲ್ಲಿ ತಿರುಗುವುದಷ್ಟೇ ಕೆಲಸ. ಮಂಟಪದ ಮ್ಯಾನೇಜರು, "ಏನಮ್ಮ, ಭರತನಾಟ್ಯ ಶುರು ಮಾಡಿದ್ರಾ?" ಎಂದು ಕೇಳಿದರಂತೆ. "ಹೌದು ಸಾರ್, ಅರಂಗೇಟ್ರಕ್ಕೆ ಬನ್ನಿ" ಎಂದಳಂತೆ ಇವಳು. ಅಷ್ಟು ದೊಡ್ಡ ಸೋಲು ತಿಂದು ಬಂದವಳು ಒಂದನೇ ಕ್ಲಾಸಿನಿಂದ ಮತ್ತೆ ಶುರು ಮಾಡಿದ್ದಳು. ನನ್ನಿಂದಂತೂ ಆಗುತ್ತಿರಲಿಲ್ಲ.

ಮತ್ತೆ ಟೀಮಿಗೆ ಬರಲು ಅವಳಿಗೆ ವರ್ಷಗಳೇ ಹಿಡಿದವು. ಈ ಸಲ ಏಷ್ಯಾ ಮಟ್ಟದ ಕೂಟ. ಟಿವಿಯಲ್ಲಿ ಓಟ ತೋರಿಸುತ್ತಾರೆ, ಡಿಸ್ಕಸ್ ಯಾರು ತೋರಿಸುತ್ತಾರೆ? ನಾನು ಮನೆಯಲ್ಲಿ ಮೊಬೈಲ್ ಹಿಡಿದು ರಿಸಲ್ಟ್ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಿದ್ದೆ. ಅವಳ ಹೆಸರಿನ ಮುಂದೆ ಒಂದು ಎಕ್ಸ್ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದ ನಮ್ಮತ್ತೆ ಬಗ್ಗಿ ನೋಡಿದರು. "ಏನೇ ಅದು ಎಕ್ಸು?"

"ಫೌಲ್ ಅತ್ತೆ. ಇನ್ನೊಂದು ಹೋದ್ರೆ ಮನೆಗೆ."

ಅತ್ತೆ ಕಾಳು ಬಿಡಿಸುವುದನ್ನು ನಿಲ್ಲಿಸಿದರು. ಮೂರನೆಯದಕ್ಕೆ ಒಂದು ಅಂಕಿ ಕಾಣಿಸಿತು. ಅವಳ ಮಟ್ಟಕ್ಕೆ ತೀರಾ ಸಾಧಾರಣ ದೂರ, ಆದರೆ ಮುಂದಿನ ಸುತ್ತಿನ ಮೂರು ಎಸೆತಕ್ಕೆ ಸಾಕು. ಪೂರ್ತಿ ಜೋರು ಹಾಕದೆ, ಕಾಲು ನೆಟ್ಟಗೆ ಇಟ್ಟುಕೊಂಡು ಎಸೆದೆ ಎಂದು ಆಮೇಲೆ ಹೇಳಿದಳು. ಐದನೇ ಎಸೆತದಲ್ಲಿ ಅವಳ ಹೆಸರು ಸರ್ರನೆ ಮೇಲೇರಿ ಮೂರನೇ ಸಾಲಿಗೆ ಬಂತು. ಅಲ್ಲೇ ನಿಂತಿತು. ಕಂಚು! ನಾನು ಕಿರುಚಿದ್ದಕ್ಕೆ ಎದುರುಮನೆಯವರು ಓಡಿಬಂದರು. ಡಿಸ್ಕಸ್ ಎಂದರೆ ಚೌಕವೋ ಗುಂಡೋ ಗೊತ್ತಿಲ್ಲದ ಅತ್ತೆ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು.

ಆದರೆ ಅವಳ ಮೇಲಿನ ನನ್ನ ಗೌರವ ದುಪ್ಪಟ್ಟಾಗಿದ್ದು ಆ ಪದಕದಿಂದಲ್ಲ. ಊರಿಗೆ ಬಂದಾಗಲೆಲ್ಲ ಅವಳು ಮಾಚೇನಹಳ್ಳಿಯ ಒಬ್ಬ ಹುಡುಗಿಗೆ ಎಸೆಯಲು ಹೇಳಿಕೊಡುತ್ತಿದ್ದಳು. ಅಲ್ಲಿನ ವರ್ಕ್‌ಶಾಪೊಂದರ ಫೋರ್‌ಮನ್ ಮಗಳು, ಕೈಯಲ್ಲಿ ವಿಪರೀತ ಶಕ್ತಿ. ಬರುಬರುತ್ತ ಆ ಹುಡುಗಿಯ ಎಸೆತ ಇವಳದರ ಹತ್ತಿರಕ್ಕೇ ಬಂತು.

"ಟೀಮಲ್ಲಿ ಇರೋದು ಒಂದೇ ಜಾಗ ಮಾರಾಯ್ತಿ. ಯಾಕೆ ಎಲ್ಲಾ ಹೇಳ್ಕೊಡ್ತೀಯ?" ಎಂದು ಕೇಳಿದೆ.

"ಅವಳು ತಪ್ಪಾಗಿ ಎಸೆಯೋದನ್ನ ನೋಡ್ಕೊಂಡು ಸುಮ್ನಿರೋಕೆ ನನಗೆ ಆಗಲ್ಲ ಕಣೆ" ಎಂದಳು.

ಮುಂದಿನ ಇಂಡಿಯಾ ಟೀಮಿನ ಕೊನೆಯ ಆಯ್ಕೆ ಕೂಟದಲ್ಲಿ ಆ ಹುಡುಗಿ ಇವಳನ್ನು ಒಂದು ಗೇಣಿನಷ್ಟು ಅಂತರದಲ್ಲಿ ಸೋಲಿಸಿದಳು. ಗ್ಯಾಲರಿಯಲ್ಲಿದ್ದ ನಾನು ಇನ್ನೊಂದು ಸಲ ಅಳೆಯಲಿ ಎಂದು ಕೂಗಿದೆ. ಇವಳು ತಿರುಗಿ ನೋಡಿ, ಬೇಡ ಎಂದು ಕೈಯಾಡಿಸಿದಳು. ಹುಡುಗಿ ಹತ್ತಿರ ಬಂದು, "ಅಕ್ಕಾ, ಸಾರಿ" ಎಂದು ಅಳತೊಡಗಿದಾಗ ಇವಳು ಅವಳ ಬೆನ್ನಿಗೆ ಜೋರಾಗಿ ಒಂದು ಗುದ್ದು ಕೊಟ್ಟಳು. "ಗೆದ್ದು ಸಾರಿ ಕೇಳ್ತಾರಾ? ಎಡಗಾಲು ಇವತ್ತೂ ಲೇಟಾಗಿ ಇಟ್ಟಿದ್ದೀಯ. ಅದಕ್ಕೆ ಕೇಳು ಸಾರಿ."

ಆ ರಾತ್ರಿ ರೈಲಿನಲ್ಲಿ ನನ್ನ ಎದುರು ಸೀಟಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಬಹಳ ಹೊತ್ತು ಕೂತಿದ್ದಳು. ನೋವಾಗಿರಲಿಲ್ಲ ಎಂದರೆ ಸುಳ್ಳು. ಅರಸೀಕೆರೆ ಬಂದಾಗ ಚಪ್ಪಲಿ ಮೆಟ್ಟಿಕೊಂಡು ಇಳಿದು ನಮ್ಮಿಬ್ಬರಿಗೂ ಇಡ್ಲಿ ತಂದಳು. ತಿನ್ನುತ್ತ, "ಭುಜಾನೂ ಸಾಕು ಅಂತಿದೆ. ಇನ್ನು ಊರಲ್ಲೇ ಇರ್ತೀನಿ" ಎಂದಳು.

ಈಗ ಭದ್ರಾವತಿಯ ಮೈದಾನದಲ್ಲಿ ಬೆಳಿಗ್ಗೆ ಅವಳ ಹತ್ತಿರ ಕಲಿಯಲು ದೊಡ್ಡ ಗುಂಪೇ ಬರುತ್ತದೆ. ಮಾಚೇನಹಳ್ಳಿಯ ಹುಡುಗಿ ಕ್ಯಾಂಪಿನಿಂದ ತನ್ನ ಎಸೆತದ ವಿಡಿಯೋ ಕಳಿಸುತ್ತಿರುತ್ತಾಳೆ. ಮೊನ್ನೆ ನಾನು ಹೋದಾಗ ಇವಳು ಮರದ ನೆರಳಿನಲ್ಲಿ ಕೂತು, ಅಂಥದೊಂದು ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ, ಫೋನಿನಲ್ಲಿ ಆ ಹುಡುಗಿಯನ್ನು ಚೆನ್ನಾಗಿ ಬೈಯುತ್ತಿದ್ದಳು.