ಮಹಡಿಯ ಟೈಲರಮ್ಮನ ಬಾಯಿಗೆ ಬಿದ್ದ ಬೀಗ

ಮಹಡಿಗೆ ಬಾಡಿಗೆಗೆ ಬಂದವರ ಮುಖ ನೋಡುವ ಮೊದಲೇ ಅಜ್ಜಿ ಅವರ ದನಿ ಕೇಳಿದ್ದಳು. ಮಗ ಮನೆ ತೋರಿಸಿ ಬೀಗದಕೈ ಕೊಟ್ಟಾಗ ಅವಳು ಮಂಡಿನೋವು ಅಂತ ಮಲಗಿದ್ದಳು. ಸಂಜೆ ತಲೆಯ ಮೇಲೆ ಹೊಲಿಗೆ ಮೆಷಿನ್ನು ಕಟಕಟ ಅಂದಿತು. ಜೊತೆಗೊಂದು ಹೆಣ್ಣುದನಿ, ಅದಕ್ಕೆ ಎದುರುತ್ತರ ಕೊಡುವ ಪುಟ್ಟ ದನಿ. ಭಾಷೆ ಒಂದಕ್ಷರ ತಿಳಿಯಲಿಲ್ಲ. ಆದರೆ ತಾಯಿ ಗದರುತ್ತಿದ್ದಾಳೆ, ಮಗಳು ವಾದಕ್ಕೆ ನಿಂತಿದ್ದಾಳೆ ಎಂದು ತಿಳಿಯಲು ಭಾಷೆ ಯಾಕೆ ಬೇಕು?

ಟೈಲರಮ್ಮ ದೂರದ ಊರಿನವಳು. ಗಂಡ ಲಾರಿ ಡ್ರೈವರ್; ಮನೆಗೆ ಬಂದರೆ ನಿದ್ದೆ, ಎದ್ದರೆ ರಸ್ತೆ. ಅಕ್ಕನ ಹರಿದ ಲಂಗಗಳ ಮೇಲೆ ಹೊಲಿಗೆ ಕಲಿತವಳು ಅವಳು. ಟೇಪು ಹಿಡಿದರೆ ಅಳತೆಯನ್ನು ತನ್ನ ಭಾಷೆಯಲ್ಲೇ ಕೂಗುವಳು. ನಾಲ್ಕು ವರ್ಷದ ಮಗಳು ಅದನ್ನೇ ತಿರುಗಿ ಕೂಗಬೇಕು, ಆಮೇಲೆಯೇ ಬಟ್ಟೆಗೆ ಸೀಮೆಸುಣ್ಣ ತಾಗುವುದು. ಆ ಮನೆಯ ಪದ್ಧತಿಯೇ ಅದು. ಅಜ್ಜಿ ಆ ಮಗುವನ್ನು ಚಿನಕುರಳಿ ಅನ್ನುತ್ತಿದ್ದಳು. ಕೆಳಗೆ ಬಂದರೆ ಅಜ್ಜಿಯ ಮಾತು, ಮೇಲೆ ಹೋದರೆ ಅಮ್ಮನ ಮಾತು, ಮೆಟ್ಟಿಲ ಮೇಲೆ ಎರಡೂ ಕಲಸುಮೇಲೋಗರ.

ಮಗುವನ್ನು ಶಿಶುವಿಹಾರಕ್ಕೆ ಸೇರಿಸಿದ ಮೇಲೆ ಅದು ಮನೆಗೆ ಬಂದ ಸಂಜೆಗಳಲ್ಲೂ ಮಹಡಿಯಲ್ಲಿ ಮೆಷಿನ್ನಿನ ಸದ್ದೊಂದೇ ಉಳಿಯಿತು. ಅಜ್ಜಿಗೆ ತಡೆಯಲಿಲ್ಲ. ರವಿಕೆ ಬಟ್ಟೆಯ ನೆಪ ಮಾಡಿಕೊಂಡು ಮೆಟ್ಟಿಲು ಹತ್ತಿದಳು. ಟೈಲರಮ್ಮ ತುಟಿ ಬಿಚ್ಚದೆ ಟೇಪು ಸುತ್ತಿದಳು. ಅಂಕಿ ಹೇಳಲು ಬಾಯಿ ತೆರೆದ ಮಗುವಿನ ತುಟಿಗೆ ಬೆರಳು ಒತ್ತಿದಳು.

“ಏನೇ ಇದು? ಮಗೂಗೆ ಹುಷಾರಿಲ್ವಾ?”

“ಮಿಸ್ ಹೇಳಿದ್ರು ಅಜ್ಜಿ. ಮನೇಲಿ ನಮ್ಮ ಮಾತು ಬೇಡ, ಮಗೂಗೆ ಗೊಂದಲ ಆಗುತ್ತೆ, ಶಾಲೆ ಮಾತೇ ಆಡಿ ಅಂತ. ಅದೇ, ನೀವಾಡೋ ಮಾತು.”

“ಆ ಮಾತು ನಿಂಗೆ ಎಷ್ಟು ಬರುತ್ತೆ?”

“ಗಿರಾಕಿ ಜೊತೆ ಆಡೋಷ್ಟು ಬರುತ್ತೆ. ಮಗಳ ಜೊತೆ ಆಡೋಷ್ಟು ಬರಲ್ಲ. ಬಾ, ತಿನ್ನು, ಮಲ್ಕೋ. ಅಷ್ಟೇ.”

ಅಜ್ಜಿಯ ಮೈ ಉರಿದುಹೋಯಿತು. ಮಾರನೆಯ ಬೆಳಿಗ್ಗೆ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು, ಕೋಲೂರುತ್ತಾ ಶಿಶುವಿಹಾರಕ್ಕೆ ಹೋದಳು. ದೊಡ್ಡ ಮಿಸ್ ಕುರ್ಚಿ ತೋರಿಸಿದರು, ಅಜ್ಜಿ ಕೂರಲಿಲ್ಲ.

“ಮಗು ಒಳ್ಳೇದಕ್ಕೇ ಹೇಳಿದ್ದಮ್ಮಾ. ಕ್ಲಾಸಲ್ಲಿ ಅವಳು ಬಾಯೇ ಬಿಡಲ್ಲ. ಹೀಗೇ ಆದ್ರೆ ನಾವು ಇಟ್ಕೊಳ್ಳೋದು ಕಷ್ಟ.”

“ಬಾಯಿ ಮುಚ್ಚಿಸಿದೋರೂ ನೀವೇ, ಬಾಯಿ ಬಿಡಲ್ಲ ಅನ್ನೋರೂ ನೀವೇ. ಇಲ್ಲಿಗೆ ಬರುವಾಗ ಅದಕ್ಕೆ ಎರಡು ಮಾತಿತ್ತು. ಈಗ ಒಂದೂ ಇಲ್ಲ. ಇದೇನಾ ನೀವು ಕಲಿಸಿದ್ದು?”

“ನಿಯಮ ಎಲ್ರಿಗೂ ಒಂದೇ.”

“ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ. ನನ್ನ ತಾಯಿ ನಂಗೆ ಕಲಿಸಿದ ಮಾತನ್ನ ದೊಣ್ಣೆ ಮಾಡ್ಕೊಂಡು ಇನ್ನೊಬ್ಬ ತಾಯಿಗೆ ಹೊಡೀತೀರಲ್ಲ ಮಿಸ್, ನಂಗೆ ನಾಚ್ಕೆ ಆಗುತ್ತೆ.”

ಮಿಸ್ ಟೈಲರಮ್ಮನ ಕಡೆ ತಿರುಗಿದರು. “ನೀವು ತಾಯಿ. ನೀವೇನಂತೀರಿ?”

ಟೈಲರಮ್ಮ ಬಾಯಿ ತೆರೆದಳು. ಮಾತು ಮಾತ್ರ ಹೊರಡಲಿಲ್ಲ. ಮಗಳ ಚೀಲವನ್ನು ಗೂಟದಿಂದ ಕಿತ್ತುಕೊಂಡು, ಮಗಳ ಕೈ ಹಿಡಿದು ಹೊರಗೆ ನಡೆದುಬಿಟ್ಟಳು. ಗೇಟಿನ ಬಳಿ ಮಂಡಿಯೂರಿ ಕೂತು, ಕಾವಲಿನವನು ತಿರುಗಿ ನೋಡುವಷ್ಟು ಜೋರಾಗಿ, ತನ್ನ ಭಾಷೆಯಲ್ಲಿ ಮಗಳ ಜೊತೆ ಮಾತಾಡಿದಳು. ಮಗು ಮೊದಲು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿತು. ಆಮೇಲೆ ತಾಯಿಯ ಎದೆಗೆ ಗುದ್ದಿ ಗುದ್ದಿ ಅತ್ತಿತು. ಅಳುವಿನ ನಡುವೆಯೇ ಏನೋ ಕೇಳಿತು, ಅದೇ ಭಾಷೆಯಲ್ಲಿ.

ಚಿನಕುರಳಿ ಮತ್ತೆ ಮೊದಲಿನ ಹಾಗೆ ಅಜ್ಜಿಯ ತಲೆ ತಿನ್ನಲು ಸುಮಾರು ದಿನ ಹಿಡಿಯಿತು. ಮನೆಯ ಮಾತಿಗೆ ಅಡ್ಡಿ ಮಾಡದ ಇನ್ನೊಂದು ಶಿಶುವಿಹಾರ ಊರಿನ ಆ ತುದಿಯಲ್ಲಿ ಸಿಕ್ಕಿತು. ಮನೆ ಬದಲಿಸದೆ ದಾರಿಯಿರಲಿಲ್ಲ. ಮೆಷಿನ್ನು ಲಾರಿಗೆ ಏರಿದ ಮೇಲೆ ಟೈಲರಮ್ಮ ಒಳಗೆ ಬಂದು ಅಜ್ಜಿಯ ಮಂಚದ ಅಂಚಿನಲ್ಲಿ ಕೂತಳು. ಗಂಡ ಎರಡು ಸಲ ಹಾರ್ನ್ ಹೊಡೆದರೂ ಏಳಲಿಲ್ಲ.

“ಅಜ್ಜಿ, ನಿಮ್ಮ ಮಾತಲ್ಲಿ ಜಗಳ ಆಡೋದು ಹೇಳ್ಕೊಡಿ. ಅವತ್ತು ಹೊಟ್ಟೇಲಿ ಎಲ್ಲಾ ಇತ್ತು, ಬಾಯಿಗೆ ಬರಲಿಲ್ಲ. ಮುಂದೆ ಇವಳು ದೊಡ್ಡ ಶಾಲೆಗೆ ಹೋಗ್ತಾಳೆ. ಅಲ್ಲೂ ಯಾರಾದ್ರೂ ನಂಗೆ ಬಾಯಿ ಮುಚ್ಚು ಅಂತಾರೆ. ಆಗ ನೀವು ಪಕ್ಕದಲ್ಲಿ ಇರಲ್ಲ.”