ಪ್ರಿಸ್ಕಾರ ಕಣ್ಣಿಗೆ ಬಿದ್ದ ಕೆಂಪು ಚುಕ್ಕೆ

ಬೆಳಗಿನ ಐದೂವರೆ. ಇಲೊಯ್ಲೊ ನಗರದ ಸರಕಾರಿ ಆಸ್ಪತ್ರೆಯೊಂದರಲ್ಲಿ, ಎಂಡೋಸ್ಕೋಪಿ ಕೋಣೆಯ ಹಿಂದಿನ ತೊಟ್ಟಿಯ ಬಳಿ ಪ್ರಿಸ್ಕಾ ಗಲ್ವೆಸ್ ಮೊಳಕೈವರೆಗೆ ಕೈಗವಸು ಏರಿಸಿ ನಿಂತಿದ್ದಾರೆ. ತುದಿಯಲ್ಲಿ ಕ್ಯಾಮೆರಾ ಇರುವ ಮೀಟರುದ್ದದ ಕಪ್ಪು ಕೊಳವೆಗೆ ಸಣ್ಣ ಬ್ರಷ್ಷನ್ನು ಒಂದು ತುದಿಯಿಂದ ತೂರಿಸಿ ಇನ್ನೊಂದು ತುದಿಯಿಂದ ಎಳೆಯುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಮತ್ತೆ ತೂರಿಸುತ್ತಾರೆ.

"ಇನ್ನೆರಡು ಗಂಟೆಗೆ ಇದು ಯಾರದೋ ಗಂಟಲೊಳಗೆ ಇಳಿಯುತ್ತೆ. ಕಾಫಿ ಲೋಟ ತೊಳೆದ ಹಾಗೆ ತೊಳೆದ್ರೆ ಆಗುತ್ತಾ?"

ದಿನಕ್ಕೆ ಒಂಬತ್ತು, ಹತ್ತು ಕೊಳವೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಕೈಗವಸು ಸಿಗದಿದ್ದ ವರ್ಷಗಳ ಔಷಧಿ ನೀರಿಗೆ ಬೆರಳಿನ ಗೆರೆಗಳೇ ಸವೆದು, ಹೊಸ ಹಾಜರಿ ಯಂತ್ರಕ್ಕೆ ಈಕೆಯ ಗುರುತೇ ಸಿಗುವುದಿಲ್ಲ. "ದಿನಾ ಬೆಳಿಗ್ಗೆ ಯಾರಮ್ಮ ನೀನು ಅನ್ನುತ್ತೆ," ಎಂದು ನಗುತ್ತಾರೆ.

ನರ್ಸ್ ಜೊವೆಲಿನ್ ಹೆಸರೆತ್ತಿದರೆ ಆ ನಗು ನಿಲ್ಲುತ್ತದೆ. ಹೊಟ್ಟೆಯೊಳಗೆ ರಕ್ತ ಒಸರುವ ಜಾಗಕ್ಕೆ ಪುಟ್ಟ ಲೋಹದ ಕ್ಲಿಪ್ ಹಾಕುವಾಗ ಡಾಕ್ಟರು ಗುರಿ ಹಿಡಿಯುತ್ತಾರೆ. ಹಿಡಿಕೆ ಒತ್ತಿ ಕ್ಲಿಪ್ ಕಚ್ಚಿಸುವುದು ಪಕ್ಕದಲ್ಲಿ ನಿಂತವರು. ಹದಿನಾರು ವರ್ಷ ಆ ಹಿಡಿಕೆ ಪ್ರಿಸ್ಕಾರ ಕೈಯಲ್ಲಿತ್ತು. ಹೋದ ವರ್ಷ ಹೊಸ ನಿಯಮ ಬಂತು, ತರಬೇತಿ ಪಡೆದ ನರ್ಸ್ ಮಾತ್ರ ಮುಟ್ಟಬೇಕು ಎಂದು. ಇಪ್ಪತ್ತೊಂಬತ್ತರ ಜೊವೆಲಿನ್ ಮೂರು ತಿಂಗಳು ಮನಿಲಾದಲ್ಲಿ ಕಲಿತು ಬಂದಳು. ಪ್ರಿಸ್ಕಾರಿಗೆ ತೊಟ್ಟಿಯೊಂದೇ ಉಳಿಯಿತು.

"ಸುಳ್ಳೇಕೆ ಹೇಳಲಿ? ಹೊಟ್ಟೆ ಉರೀತು. ಈಗಲೂ ಉರಿಯುತ್ತೆ. ನೋಡೋಕೂ ಚೆಂದ ಬೇರೆ, ಹಾಳಾದೋಳು."

ಡ್ಯೂಟಿಗೆ ಪನ್ಸಿತ್ ತಂದರೆ ಆ ನೂಡಲ್ಸಿನಷ್ಟೇ ಉದ್ದಕ್ಕೆ ರೋಗಿಗಳ ಸಾಲು ಬರುತ್ತದೆ ಎಂದು ಇಲ್ಲಿನ ಆಸ್ಪತ್ರೆಗಳಲ್ಲಿ ಎಲ್ಲರೂ ಹೆದರುತ್ತಾರೆ. ಜೊವೆಲಿನ್ ಒಬ್ಬಳೇ ಡ್ಯೂಟಿಯಲ್ಲಿದ್ದ ಮೊದಲ ಮಂಗಳವಾರ ಪ್ರಿಸ್ಕಾ ದೊಡ್ಡ ಡಬ್ಬಿ ತುಂಬ ಪನ್ಸಿತ್ ಮಾಡಿಕೊಂಡು ಬಂದರು.

"ಮನಾಂಗ್, ನನ್ನ ಮೇಲೆ ಏನು ಹಗೆ ನಿಮಗೆ?" ಎಂದು ಜೊವೆಲಿನ್ ಕಿರುಚಿದಳು. ಮನಾಂಗ್ ಎಂದರೆ ಇಲ್ಲಿ ಅಕ್ಕ.

"ಹಸಿವಾಗಿತ್ತು, ಇಂದಾಯ್. ತಿನ್ನೋದೂ ತಪ್ಪಾ?" ಎಂದರು ಪ್ರಿಸ್ಕಾ, ಚಿಕ್ಕ ಹುಡುಗಿಯನ್ನು ಕರೆಯುವ ಹಾಗೆ.

ಮಧ್ಯಾಹ್ನದೊಳಗೆ ಆಟೋದಂಥ ಟ್ರೈಸಿಕಲ್ ಓಡಿಸುವ ಎಫ್ರೆನ್ ಬಂದ. ಬಟ್ಟಲುಗಟ್ಟಲೆ ರಕ್ತ ಕಾರಿಕೊಂಡಿದ್ದ. ಡಾಕ್ಟರ್ ಯುಸಾಯ್ ಕೊಳವೆ ಇಳಿಸಿ ಹುಡುಕಿದರು. ಹುಣ್ಣಿಲ್ಲ, ಗಾಯವಿಲ್ಲ, ರಕ್ತವೂ ನಿಂತಿತ್ತು. ಬಾಗಿಲಲ್ಲಿ ಬಕೆಟ್ ಹಿಡಿದು ನಿಂತ ಪ್ರಿಸ್ಕಾರಿಗೆ ಮಾತ್ರ ಪರದೆಯ ಮೇಲಿನ ಮೂಲೆಯಲ್ಲಿ ಕೆಂಪು ಚುಕ್ಕೆಯೊಂದು ಕಂಡು ಮರೆಯಾಯಿತು. ಅಂಥದ್ದನ್ನು ಅವರು ಇಷ್ಟು ವರ್ಷಗಳಲ್ಲಿ ಎರಡೇ ಸಲ ನೋಡಿದ್ದು. ದಪ್ಪ ರಕ್ತನಾಳವೊಂದು ಹೊಟ್ಟೆಯ ಪದರಕ್ಕೆ ಒತ್ತಿಕೊಂಡು, ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿ, ಮತ್ತೆ ಅಡಗಿಬಿಡುತ್ತದೆ.

"ನಾಲಿಗೆ ತುದಿಗೆ ಬಂತು. ನುಂಗಿಬಿಟ್ಟೆ. ಮನಿಲಾದಲ್ಲಿ ಕಲಿತವಳಿದ್ದಾಳಲ್ಲ, ಅವಳೇ ಹುಡುಕಲಿ ಅಂದ್ಕೊಂಡೆ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಎಫ್ರೆನ್ ಮತ್ತೆ ರಕ್ತ ಕಾರಿದ. ಮೂರು ಬಾಟಲಿ ರಕ್ತ ಏರಿಸಿದರೂ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ದೆಲ್ಮಾ ಜಪಸರ ಹಿಡಿದು ಕೂತಿದ್ದಳು. ಡಾಕ್ಟರು ಮತ್ತೆ ಕೊಳವೆ ಇಳಿಸಿ, ಹಿಂದಿನ ದಿನದ ಹಾಗೆ ಹೊಟ್ಟೆಯ ಕೆಳಭಾಗದಲ್ಲೇ ಹುಡುಕುತ್ತಿದ್ದರು. ಪ್ರಿಸ್ಕಾ ಬಕೆಟ್ ಕೆಳಗಿಟ್ಟು ಒಳಗೆ ಹೋದರು.

"ಡಾಕ್ಟರೇ, ಅಲ್ಲಲ್ಲ, ಮೇಲೆ. ತುದಿ ಹಿಂದಕ್ಕೆ ಬಗ್ಗಿಸಿ ನೋಡಿ. ಅನ್ನನಾಳ ಹೊಟ್ಟೆಗೆ ಸೇರುತ್ತಲ್ಲ, ಅದರ ಪಕ್ಕ."

"ನಿಮಗೆ ಹೇಗೆ ಗೊತ್ತು, ಮನಾಂಗ್?" ಎಂದಳು ಜೊವೆಲಿನ್.

"ನಿನ್ನೆ ನೋಡಿದ್ದೆ."

ಡಾಕ್ಟರು ತುದಿ ಬಗ್ಗಿಸಿ ನೀರು ಹಾಯಿಸಿದರು. ಹೆಪ್ಪು ಕಳಚಿತು, ರಕ್ತ ದಾರದ ಹಾಗೆ ಚಿಮ್ಮಿತು. ಜೊವೆಲಿನ್ ಹಿಡಿಕೆ ತಿರುಗಿಸಿದಳು, ಕಾದಳು, ಒತ್ತಿದಳು. ಬರಿಗೈಯಲ್ಲಿ ನಿಂತ ಪ್ರಿಸ್ಕಾರ ಹೆಬ್ಬೆರಳೂ ಜೊತೆಯಲ್ಲೇ ಮಡಚಿಕೊಂಡಿತು. ಎರಡನೇ ಕ್ಲಿಪ್ಪಿಗೆ ರಕ್ತ ನಿಂತೇಹೋಯಿತು.

"ಒಂಚೂರೂ ನಡುಗಲಿಲ್ಲ ಅವಳ ಕೈ. ನನಗಿಂತ ಮೆತ್ತಗೆ ಒತ್ತಿದ್ಲು. ಅದೇ ನನಗೆ ಇನ್ನೂ ಜಾಸ್ತಿ ಉರಿ."

ಐದನೇ ದಿನ ಎಫ್ರೆನ್ ನಡೆದುಕೊಂಡೇ ಮನೆಗೆ ಹೋದ. ದೆಲ್ಮಾ ಡಾಕ್ಟರಿಗೂ ಜೊವೆಲಿನ್‌ಗೂ ಮಾವಿನಹಣ್ಣು ತಂದಳು. ತೊಟ್ಟಿಯ ಕಡೆ ಬರಲಿಲ್ಲ. "ತಂದಿದ್ರೂ ನನ್ನ ಗಂಟಲಲ್ಲಿ ಇಳೀತಿರಲಿಲ್ಲ. ಆ ಮನುಷ್ಯ ಒಂದು ದಿನ ಸುಮ್ಮನೆ ಸತ್ತು ಬದುಕಿದ, ನನ್ನ ದೆಸೆಯಿಂದ," ಎನ್ನುತ್ತಾರೆ ಪ್ರಿಸ್ಕಾ. ಈಗ ಕೊಳವೆ ಇಳಿದಾಗಲೆಲ್ಲ ಡಾಕ್ಟರು ಬಾಗಿಲ ಕಡೆ ತಿರುಗಿ "ಮನಾಂಗ್, ಏನಾದ್ರೂ ಕಂಡಿತಾ?" ಎಂದು ಕೇಳುತ್ತಾರೆ.

ಪತ್ರಿಕೆಯಲ್ಲಿ ಏನು ಬರಬೇಕು ಎಂದು ಕೇಳಿದರೆ ಅವರು ಬ್ರಷ್ ಎಳೆಯುವುದನ್ನು ನಿಲ್ಲಿಸುತ್ತಾರೆ.

"ಕ್ಲಿಪ್ ಹಾಕಿದ್ದು ಜೊವೆಲಿನ್ ಅಂತ ಬರೀರಿ. ಚೆನ್ನಾಗಿ ಹಾಕಿದ್ಲು ಅಂತಾನೂ ಬರೀರಿ. ಆದ್ರೆ ನೋಡಿದ್ದು ಪ್ರಿಸ್ಕಾ ಅನ್ನೋದು ಅದಕ್ಕಿಂತ ಮೇಲಿನ ಸಾಲಲ್ಲಿ ಇರಲಿ."

ಬ್ರಷ್ ಮತ್ತೆ ಕೊಳವೆಯೊಳಗೆ ಹೋಗುತ್ತದೆ.

"ಒಂದು ದಿನ ತಡವಾಗಿ ಹೇಳಿದ್ದನ್ನೂ ಹಾಕಿಬಿಡಿ. ನಾನು ಹೇಳದಿದ್ರೆ ಅವಳು ಹೇಳ್ತಾಳೆ."